ಮಂಗಳವಾರದ ಮೃಗಾಲಯ

೩ ನವೆಂಬರ್ ೨೦೨೫, ಸೋಮವಾರ
ಆಶ್ರಮ ಶಾಲೆ ಕ್ವಾರ್ಟರ್ಸ್, ಎಚ್.ಡಿ. ಕೋಟೆ ತಾಲ್ಲೂಕು

ಅಪ್ಪನಿಗೂ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವ ಅವ್ವನಿಗೂ ಸುಕನ್ಯಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಪುಟ್ಟಿಗೆ ಏಳು ತಿಂಗಳು ತುಂಬಿತು. ರಾಗಿ ಸರಿ ಶುರು ಮಾಡಿದ್ದೇನೆ. ಅರ್ಧ ಅವಳ ಹೊಟ್ಟೆಗೆ, ಅರ್ಧ ನನ್ನ ನೈಟಿಗೆ. ಮಾದೇಶ್ ಶಾಲೆ, ಮಕ್ಕಳು, ಬಿಸಿಯೂಟ ಅಂತ ಓಡಾಡಿಕೊಂಡಿದ್ದಾರೆ. ಸಿಗ್ನಲ್ಲು ಮಾತ್ರ ಇನ್ನೂ ಈ ಕಾಡಂಚಿಗೆ ಬಂದಿಲ್ಲ. ಫೋನು ಮಾಡಬೇಕಾದರೆ ಕೆರೆ ಏರಿಯ ಮೇಲೆ ನಿಂತು ಕೈ ಎತ್ತಬೇಕು, ಅಲ್ಲಿ ಸಾಯಂಕಾಲವಾದರೆ ಆನೆಗಳು ಬರುತ್ತವೆ. ಹಾಗಾಗಿ ನಮಗೆ ಕಾಗದವೇ ಗತಿ. ಬೆಳಗಿನ ಬಸ್ಸಿನ ಕಂಡಕ್ಟರ್ ಚನ್ನಬಸವಣ್ಣನವರ ಕೈಗೆ ಕೊಟ್ಟರೆ, ಅವರು ಮೈಸೂರು ಸ್ಟ್ಯಾಂಡಿನಲ್ಲಿ ಭೇರ್ಯದ ಬಸ್ಸಿನವರಿಗೆ ದಾಟಿಸುತ್ತಾರೆ. ನಿಮ್ಮ ಹಳೇ ಜೊತೆಗಾರರೆಲ್ಲ ಸೇರಿ ನನಗೊಂದು ಅಂಚೆ ಇಲಾಖೆ ಮಾಡಿಕೊಟ್ಟಿದ್ದಾರೆ.

ರಿಟೈರ್ ಆದ ಮೇಲೆ ಅವ್ವನಿಗೆ ಮೈಸೂರಿನ ಮೃಗಾಲಯ, ಮ್ಯೂಸಿಯಂ ಎಲ್ಲ ತೋರಿಸಲು ಹೊರಟಿದ್ದೀರಂತೆ. ಚನ್ನಬಸವಣ್ಣ ಹೇಳಿದರು. ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಮದುವೆಯಾದಾಗಿನಿಂದ ಕೇಳುತ್ತಿದ್ದಳಲ್ಲ ಪಾಪ. ಕಂಡಕ್ಟರಾಗಿ ಊರವರನ್ನೆಲ್ಲ ಮೃಗಾಲಯಕ್ಕೆ ಸಾಗಿಸಿದಿರಿ, ಮನೆಯವಳನ್ನು ಮಾತ್ರ ಸ್ಟಾಪಿನಲ್ಲೇ ಬಿಟ್ಟಿರಿ. ಹುಷಾರಾಗಿ ಹೋಗಿ ಬನ್ನಿ. ಅವ್ವ ಬಿಸಿಲಲ್ಲಿ ನಿಲ್ಲಬಾರದು. ಕೋತಿ ಕಂಡರೆ ಬಾಳೆಹಣ್ಣು ತೆಗೆಯಬಾರದು. ಕಂಬಿ ಹಿಡಿದು ಬಗ್ಗಬಾರದು. ನೀವು ಹರಟೆ ಹೊಡೆಯುತ್ತಾ ಅವಳನ್ನು ಬಿಟ್ಟು ಮುಂದೆ ಹೋಗಬಾರದು.

ಅಪ್ಪ, ಇಲ್ಲಿಂದ ಕೆಳಗೆ ಇರುವುದನ್ನು ಅವ್ವನಿಗೆ ಓದಿ ಹೇಳಬೇಡಿ.

ನನಗೆ ನಿದ್ದೆ ಇಲ್ಲ ಅಪ್ಪ. ಪುಟ್ಟಿ ಮಲಗುತ್ತಾಳೆ, ನಾನು ಮಲಗುವುದಿಲ್ಲ. ಅವಳ ಮೂಗಿನ ಹತ್ತಿರ ಅಂಗೈ ಇಟ್ಟುಕೊಂಡು ಕೂರುತ್ತೇನೆ. ಉಸಿರು ತಾಗಿದರೆ ಸಮಾಧಾನ, ಮತ್ತೆ ಅನುಮಾನ, ಮತ್ತೆ ಅಂಗೈ. ಮಾದೇಶ್ ಕೈಗೂ ಕೊಡುವುದಿಲ್ಲ. ಕೊಟ್ಟರೂ ಎದುರಿಗೇ ನಿಂತಿರುತ್ತೇನೆ, ಅವರಿಗೆ ಬೇಜಾರಾಗಿ ವಾಪಸ್ಸು ಕೊಡುತ್ತಾರೆ. ಶಾಲೆಯಲ್ಲಿ ಅಡುಗೆ ಮಾಡುವ, ಪಕ್ಕದ ಹಾಡಿಯ ಕುಳ್ಳಿ ಅನ್ನುವ ಹೆಂಗಸು ನಿನ್ನೆ ನನ್ನ ಮುಖ ನೋಡಿ, "ಕೂಸು ಉಸುರಾಡ್ತದಾ ಅಂತ ನೋಡ್ತಾನೇ ಇದ್ದೀಯಲ್ಲ, ನೀನು ಉಸುರಾಡ್ತಿದ್ದೀಯಾ ನೋಡ್ಕೊ ಮೊದ್ಲು" ಅಂದಳು.

ಅವ್ವ ಒಂದು ವಾರ ಬಂದಿದ್ದರೆ ಸಾಕು ಅನ್ನಿಸುತ್ತದೆ. ಆದರೆ ಈಗ ಹೇಳಿದರೆ ಅವಳು ಮೃಗಾಲಯ ಬಿಟ್ಟು ಗಂಟು ಕಟ್ಟುತ್ತಾಳೆ. ಬಾಣಂತನದಲ್ಲಿ ಐದು ತಿಂಗಳು ನನಗೇ ಸವೆದಿದ್ದಾಳೆ. ಇದೊಂದು ಸಂತೋಷ ಅವಳಿಗೆ ಸಿಗಲಿ. ದಯವಿಟ್ಟು ಹೇಳಬೇಡಿ.

ನಿಮ್ಮ
ಸುಕನ್ಯ


೧೨ ನವೆಂಬರ್ ೨೦೨೫, ಬುಧವಾರ
ಭೇರ್ಯ

ಮಗಳೇ ಸುಕನ್ಯ,

ನಿನ್ನೆ ಮಂಗಳವಾರ ಮೃಗಾಲಯದ ಪ್ರವಾಸ ಭರ್ಜರಿಯಾಗಿ ನಡೆಯಿತು. ಬಸ್ಸಿನಲ್ಲಿ ನಿಮ್ಮವ್ವನಿಗೆ ಕಿಟಕಿ ಸೀಟು. ಕಂಡಕ್ಟರ್ ಹುಡುಗ ಅವಳ ಆಧಾರ್ ನೋಡಿ ಉಚಿತ ಟಿಕೆಟ್ ಹರಿದುಕೊಟ್ಟ. ಅವಳು ಅದನ್ನು ನನ್ನ ಮುಖದ ಮುಂದೆ ಆಡಿಸಿ, "ನೋಡ್ರಿ, ಸರ್ಕಾರ ನನ್ನ ಕರ್ಕಂಡೋಯ್ತಾ ಅದೆ, ನೀವು ಜೊತೆಗೆ ಬತ್ತಾ ಇದ್ದೀರಿ ಅಷ್ಟೆ" ಅಂದಳು. ಬಸ್ಸೆಲ್ಲ ನಕ್ಕಿತು.

ಒಳಗೆ ಏನು ಜನ, ಏನು ಜನ! ಹುಲಿ ನಮ್ಮನ್ನು ನೋಡಿದ್ದೇ ಎದ್ದು ನಿಂತು ಘರ್ಜಿಸಿತು. ನಿಮ್ಮವ್ವ ಒಂದಿಷ್ಟೂ ಹೆದರಲಿಲ್ಲ. ಜಿರಾಫೆ ಕತ್ತು ಬಗ್ಗಿಸಿ ಅವಳ ಕೈಯಿಂದಲೇ ಸೊಪ್ಪು ತಿಂದಿತು. ನವಿಲು ಗರಿ ಬಿಚ್ಚಿತು. ಆನೆ ಸೊಂಡಿಲೆತ್ತಿ ಆಶೀರ್ವಾದ ಮಾಡಿತು. ಒಟ್ಟಿನಲ್ಲಿ ಎಲ್ಲ ಪ್ರಾಣಿಗಳೂ ಸಹಕರಿಸಿದವು.

ನೀನು ಹೇಳಿದಂತೆ ಕೆಳಗಿನ ಭಾಗ ಓದಲಿಲ್ಲ. ಆ ಜಾಗ ಬಂದಾಗ ಎದ್ದು ಹೋಗಿ ನೀರು ಕುಡಿದೆ. "ಕಾಗ್ದ ಓದ್ತಾ ಓದ್ತಾ ಯಾಕ್ರೀ ಬಾಯಾರ್ಕೆ?" ಅಂದಳು. ಖಾರ ಜಾಸ್ತಿಯಾಗಿತ್ತು ಅಂದೆ. ಆಗ ನಾವಿನ್ನೂ ಊಟ ಮಾಡಿರಲಿಲ್ಲ.

ಮಗ, ನೀನು ಮಲಗಬೇಕು. ಹೇಗೆ ಅಂತ ಹೇಳಲು ನನಗೆ ಬರುವುದಿಲ್ಲ. ಬಸ್ಸಿನಲ್ಲಿ ಕೂಸು ಎತ್ತಿಕೊಂಡು ಬಂದ ಹೆಂಗಸರನ್ನೆಲ್ಲ ಡ್ರೈವರ್ ಹಿಂದಿನ ಸೀಟಿಗೆ ಕೂರಿಸುತ್ತಿದ್ದೆ, ನನಗೆ ಗೊತ್ತಿರುವುದು ಅಷ್ಟೇ.

ನಿನ್ನ ಅಪ್ಪ
ಅಂಕಯ್ಯ


೧೫ ನವೆಂಬರ್ ೨೦೨೫, ಶನಿವಾರ
ಕ್ವಾರ್ಟರ್ಸ್

ಅಪ್ಪನಿಗೆ,

ಈ ಕಾಗದದಲ್ಲಿ ಒಂದು ಸಾಲನ್ನೂ ಅವ್ವನಿಗೆ ಓದಬೇಡಿ.

ಮಂಗಳವಾರ ಮೃಗಾಲಯಕ್ಕೆ ರಜೆ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದಿದವಳು ನಾನು. ಮಂಗಳವಾರ ಅಲ್ಲಿ ಗೇಟು ತೆರೆಯುವುದಿಲ್ಲ ಅಂತ ಆಟೋದವರಿಂದ ಹಿಡಿದು ಕಡಲೆಕಾಯಿ ಮಾರುವವರವರೆಗೆ ಎಲ್ಲರಿಗೂ ಗೊತ್ತು. ಜಿರಾಫೆಗೆ ಯಾರೂ ಸೊಪ್ಪು ತಿನ್ನಿಸುವ ಹಾಗೂ ಇಲ್ಲ.

ಹಾಗಾದರೆ ಮಂಗಳವಾರ ಅವ್ವನನ್ನು ಮೈಸೂರಿಗೆ ಯಾಕೆ ಕರೆದುಕೊಂಡು ಹೋಗಿದ್ದಿರಿ?

ಯಾವ ಆಸ್ಪತ್ರೆ ಅಪ್ಪ? ಏನಂದರು? ಪುಟ್ಟಿಯ ನಾಮಕರಣದ ದಿನ ಅವ್ವ ಮೆಟ್ಟಿಲ ಮೇಲೆ ಪಕ್ಕೆ ಹಿಡಿದು ಕೂತಿದ್ದಳು. ಕೇಳಿದ್ದಕ್ಕೆ, "ಹೋಳಿಗೆ ಜಾಸ್ತಿ ಆಯ್ತು ಕಣ" ಅಂದಿದ್ದಳು. ನಾನು ನಂಬಿ ಸುಮ್ಮನಾದೆ. ಈಗ ಅದೇ ಕಣ್ಣ ಮುಂದೆ ಬರುತ್ತಿದೆ. ನನಗೆ ನಿದ್ದೆ ಇಲ್ಲ ಅಂತ ಹೇಳಿದ್ದಕ್ಕೇ ತಾನೆ ನೀವು ಹುಲಿ, ನವಿಲು ಅಂತ ಕತೆ ಕಟ್ಟಿದ್ದು?

ಮಾದೇಶ್ ನಿಮ್ಮ ಕಾಗದ ಓದಿ ಬಿದ್ದು ಬಿದ್ದು ನಕ್ಕರು. "ನಿಮ್ಮಪ್ಪ ಚಿಲ್ಲರೆ ಲೆಕ್ಕದಲ್ಲಿ ಗಟ್ಟಿ ಕಣೆ, ಸುಳ್ಳಲ್ಲಿ ವೀಕು. ಏನೋ ಎಡವಟ್ಟು ಮಾಡ್ಕಂಡವ್ರೆ ಅಷ್ಟೆ, ಬುಡು" ಅಂದರು. ನನಗೆ ನಗು ಬರಲಿಲ್ಲ. ಈಗ ಒಂದು ಕೈ ಪುಟ್ಟಿಯ ಮೂಗಿನ ಹತ್ತಿರ, ಮನಸ್ಸು ಅವ್ವನ ಪಕ್ಕೆಯ ಹತ್ತಿರ.

ನಿಜ ಬರೆಯಿರಿ. ಬೇಗ ಬರೆಯಿರಿ.

ಸುಕನ್ಯ


೧೮ ನವೆಂಬರ್ ೨೦೨೫
ಕೆ.ಆರ್. ನಗರ ಬಸ್ ಸ್ಟ್ಯಾಂಡ್

ಮಗಳೇ, ಬಸ್ಸು ಹೊರಡುತ್ತಿದೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ನಿಮ್ಮವ್ವ ಒರಳುಕಲ್ಲಿನ ಹಾಗೆ ಗಟ್ಟಿಯಾಗಿದ್ದಾಳೆ. ಆಸ್ಪತ್ರೆ ಇಲ್ಲ, ಗೀಸ್ಪತ್ರೆ ಇಲ್ಲ. ಮೃಗಾಲಯ ಮುಚ್ಚಿತ್ತು. ತಪ್ಪು ನನ್ನದು. ವಿವರ ಆಮೇಲೆ. ಹೋಳಿಗೆ ನಿಜವಾಗಿಯೂ ಜಾಸ್ತಿಯಾಗಿತ್ತು, ನಾನೇ ಬಡಿಸಿದ್ದೆ.


೨೧ ನವೆಂಬರ್ ೨೦೨೫, ಶುಕ್ರವಾರ
ಭೇರ್ಯ

ಮಗಳೇ,

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ನಿಮ್ಮವ್ವ ಪಕ್ಕದಲ್ಲೇ ಕೂತಿದ್ದಾಳೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಸರ್ವಿಸ್ ಪೂರ್ತಿ ನನಗೆ ಮಂಗಳವಾರವೇ ವಾರದ ರಜೆ. ಅವತ್ತು ತಲೆ ಕೂದಲು ಕತ್ತರಿಸಿಕೊಳ್ಳುವುದು, ಅವತ್ತು ಗದ್ದೆ ನೋಡುವುದು, ಅವತ್ತು ನೆಂಟರ ಮನೆ. "ಒಂದಿನ ಮಂಗ್ಳಾರ ಕರ್ಕಂಡೋಯ್ತೀನಿ" ಅಂತ ನಿಮ್ಮವ್ವನಿಗೆ ಹೇಳುತ್ತಲೇ ಬಂದಿದ್ದೆ. ಈಗ ವಾರದ ಏಳು ದಿನವೂ ರಜೆಯೇ, ಆದರೂ ಹೊರಟದ್ದು ಮಂಗಳವಾರವೇ. ಗೇಟಿನ ಮುಂದೆ ಹೋಗಿ ನಿಂತರೆ ಬೀಗ. ಕಾವಲಿನವನು, "ಇವತ್ತು ರಜಾ ಕಣ್ರೀ ಯಜಮಾನ್ರೇ" ಅಂದ. "ಪ್ರಾಣಿಗಳಿಗೂ ವೀಕ್ಲಿ ಆಫಾ?" ಅಂದೆ. "ಊಂ ಮತ್ತೆ, ಅವೂ ನಿಮ್ಮಂಗೆ ಡ್ಯೂಟಿ ಮಾಡ್ತವಲ್ಲ" ಅಂದ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಮ್ಮವ್ವ ಗೇಟಿನ ಮುಂದೆಯೇ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕಾಂಪೌಂಡಿನ ಪಕ್ಕ ಮರದ ನೆರಳಲ್ಲಿ ಕೂತು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ಬಿಚ್ಚಿದೆವು. ಅಷ್ಟರಲ್ಲಿ ಒಳಗಿನಿಂದ ಸಿಂಹ ಗುಡುಗಿತು. ಮಗ, ಅದು ಮಾತ್ರ ಸುಳ್ಳಲ್ಲ. ಎದೆಯೊಳಗೆ ಡಬ್ಬ ಬಡಿದ ಹಾಗಾಯಿತು. "ಕಾಣ್ದಿದ್ರೆ ಓಗ್ಲಿ, ಕೇಳುಸ್ತಲ್ಲ. ಇನ್ನೊಂದ್ ರೊಟ್ಟಿ ತಗಳಿ" ಅಂದಳು ಅವಳು. ಸಾಯಂಕಾಲದವರೆಗೂ ಗೋಡೆಯಾಚೆಯ ಕೂಗು ಕೇಳುತ್ತಾ, ಇದು ಯಾವುದು ಅದು ಯಾವುದು ಅಂತ ಪಂದ್ಯ ಕಟ್ಟುತ್ತಾ ಕೂತಿದ್ದೆವು. ಅಷ್ಟು ಹೊತ್ತು ನಾವಿಬ್ಬರೇ ಕೂತದ್ದು ಅದೇ ಮೊದಲು. ಊರಿಗೆಲ್ಲ ಮೊದಲೇ ಡಂಗುರ ಹೊಡೆದಿದ್ದೆನಲ್ಲ, ಮರ್ಯಾದೆ ಪ್ರಶ್ನೆ. ನಿದ್ದೆಯಿಲ್ಲದ ಮಗಳಿಗೆ ಮುಚ್ಚಿದ ಗೇಟಿನ ಸುದ್ದಿ ಬರೆಯಲು ಮನಸ್ಸೂ ಬರಲಿಲ್ಲ. ಅದಕ್ಕೆ ಬಸ್ಸಿನ ಪ್ಯಾಸೆಂಜರುಗಳು ಹೇಳುತ್ತಿದ್ದುದನ್ನೆಲ್ಲ ಸೇರಿಸಿ ಬರೆದೆ.

ಈಗ ಎರಡನೆಯ ವಿಷಯ. ನಿನ್ನ ಹೋದ ಕಾಗದವನ್ನು ನಾನು "ಎಲ್ಲರೂ ಕ್ಷೇಮ" ಅಂತ ಓದಿ ಮಡಚಿದೆ. "ಎಲ್ಡ್ ಹಾಳೆ ತುಂಬಾ ಕ್ಷೇಮನೇ ಬರ್ದವ್ಳಾ?" ಅಂದಳು. ಹೂಂ ಅಂದೆ. "ಮುಂಚಿನ ಕಾಗ್ದದಲ್ಲೂ ಇಂಗೇ ಮಾಡುದ್ರಿ. ಎಕ್ಸ್‌ಪ್ರೆಸ್ ಬಸ್ ಬುಟ್ಟಂಗೆ ಸ್ಟಾಪೆಲ್ಲ ಹಾರಿಸ್ಕಂಡು ಓಯ್ತಾ ಇದ್ದೀರಿ. ಮಧ್ಯದಲ್ಲಿ ಕೈ ತೋರ್ಸಿ ನಿಂತಿರೋರು ಯಾರು? ನನ್ನ ಮಗ್ಳಲ್ವಾ?" ಅಂದಳು. ಇಷ್ಟು ಕೇಳಿದ ಮೇಲೆ ನಾನು ಹೇಗೆ ಬಾಯಿ ಮುಚ್ಚಲಿ? ಎರಡೂ ಕಾಗದಗಳನ್ನು ಪೂರ್ತಿ ಓದಿದೆ. ಅವಳು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದು, "ನಾಳೆ ಗುರ್ವಾರ, ಮೊದ್ಲು ಆ ಮೃಗಾಲಯ ಮುಗ್ಸಣ. ಆಮೇಕೆ ಹೇಳ್ತೀನಿ" ಅಂದಳು. ನಿನ್ನೆ ಹೋಗಿ ಎಲ್ಲ ನೋಡಿ ಬಂದೆವು. ಈಗ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಒಂದಕ್ಷರ ತಿದ್ದಬಾರದಂತೆ.

"ಸುಕನ್ಯಾ, ನಾನು ನಿಮ್ಮವ್ವ. ನಿನ್ನೆ ಜಿರಾಫೆ ಕಂಡೆ. ಮರಿ ಅದ್ರ ಕಾಲ ಸಂದೀಲಿ ನಿಂತಿತ್ತು. ತಾಯಿ ನಿಂತಂಗೇ ತೂಕಡಿಸ್ತಾ ಇತ್ತು. ಅಷ್ಟುದ್ದ ಕತ್ತಿಟ್ಕಂಡು ಅದ್ಕೆ ಮಲಗಕ್ಕಾಯ್ತದೆ, ಗೇಣುದ್ದ ಕತ್ತಿಟ್ಕಂಡು ನಿಂಗಾಗಲ್ವಾ? ನೀನು ಕೂಸಾಗಿದ್ದಾಗ ನಾನು ಗೊರಕೆ ಹೊಡ್ಕಂಡು ಮಲಗ್ತಿದ್ದೆ ಕಣವ್ವ. ನಾನೇನು ಗಟ್ಟಿಗಿತ್ತಿ ಅಂತಲ್ಲ. ನಿಮ್ಮಜ್ಜಿ ಸಾಕಮ್ಮ ಇದ್ರು, ನಿಮ್ಮ ದೊಡ್ಡವ್ವ ಇದ್ರು, ನೀನು ಯಾರ್ ತೊಡೆ ಮೇಲಿದ್ದೀಯ ಅಂತ ನಾನು ಹುಡುಕ್ಬೇಕಿತ್ತು. ಆ ಕಾಡಲ್ಲಿ ನಿಂಗೆ ಯಾರವ್ರೆ? ನಾನು ಖುಷಿಯಾಗಿರ್ಲಿ ಅಂತ ಮುಚ್ಚಿಟ್ಯಾ? ಮಗಳು ಕಣ್ಣು ಮುಚ್ದೆ ಕೂತಿರೋವಾಗ ನಾನು ಹುಲಿ ನೋಡ್ಕಂಡು ನಗ್ಬೇಕಾ? ಬುಧವಾರ ಬತ್ತೀವಿ. ಟೂರೇನೂ ನಿಲ್ಸಲ್ಲ, ಮುಂದಿನ ನೋಡೋ ಜಾಗ ನಿಮ್ಮನೆ. ಆದ್ರೆ ಒಂದ್ ಮಾತು. ನಾನು ಕೂಸು ನೋಡ್ಕತೀನಿ, ನೀನೂ ಅಳಿಯಂದ್ರೂ ಒಂದಿಡೀ ದಿನ ಮೃಗಾಲಯಕ್ಕೆ ಓಗ್ಬೇಕು. ಇಲ್ಲ ಅಂದ್ರೆ ನಾನು ಬರಲ್ಲ."

ಕೊನೆಯದು ಸುಳ್ಳು. ಬ್ಯಾಗು ಆಗಲೇ ತುಂಬಿಸಿದ್ದಾಳೆ. ಇದನ್ನು ಅವಳಿಗೆ ಗೊತ್ತಾಗದ ಹಾಗೆ ಬರೆದೆ.

ಅಂಕಯ್ಯ


೨೪ ನವೆಂಬರ್ ೨೦೨೫, ಸೋಮವಾರ
ಕ್ವಾರ್ಟರ್ಸ್

ಅವ್ವ,

ಬಾ. ಬೇಗ ಬಾ. ಕಾಗದ ಓದಿ ಅತ್ತೆ, ಆಮೇಲೆ ಜಿರಾಫೆಯ ಮಾತು ನೆನೆದು ನಕ್ಕೆ. ಎರಡನ್ನೂ ನೋಡಿ ಪುಟ್ಟಿ ಗಾಬರಿಯಾದಳು.

ಆದರೆ ಮೃಗಾಲಯ ಬೇಡ ಅವ್ವ. ಪುಟ್ಟಿಯನ್ನು ಬಿಟ್ಟು ನಾನು ಬಚ್ಚಲಿಗೂ ಬಾಗಿಲು ಪೂರ್ತಿ ಹಾಕಿಕೊಂಡು ಹೋಗಿಲ್ಲ. ಮೈಸೂರಿಗೆ ಹೋದರೆ ಇಲ್ಲಿಗೆ ಫೋನೂ ಸಿಗುವುದಿಲ್ಲ. ಏನಾಯಿತು ಅಂತ ಯಾರನ್ನು ಕೇಳಲಿ? ನೀನು ಬಂದು ಪಕ್ಕದಲ್ಲಿ ಕೂತರೆ ಅಷ್ಟೇ ಸಾಕು. ಮಾದೇಶ್ ಆಗಲೇ ಶರ್ಟು ಇಸ್ತ್ರಿ ಮಾಡಿಟ್ಟಿದ್ದಾರೆ, ಅವರಿಗೂ ನೀನೇ ಹೇಳಬೇಕು.

ಬರುವಾಗ ಬಜೆ ತಾ. ಸ್ವೆಟರ್ ಮರೆಯಬೇಡ. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಅಪ್ಪ ಟೀ ಕುಡಿಯಲು ಇಳಿದರೆ ಬಸ್ಸು ಬಿಡುತ್ತಾರೆ, ಬಿಗಿಯಾಗಿ ಕೈ ಹಿಡಿದುಕೋ.

ಸುಕನ್ಯ


೪ ಡಿಸೆಂಬರ್ ೨೦೨೫, ಗುರುವಾರ
ಭೇರ್ಯ

ಮಗಳೇ,

ನಿನ್ನೆ ಸುಖವಾಗಿ ಊರು ಸೇರಿದೆವು. ದಾರಿಯಲ್ಲಿ ಮೈಸೂರಿನ ರೈಲ್ವೆ ಮ್ಯೂಸಿಯಮ್ಮನ್ನೂ ಮುಗಿಸಿದೆವು. ಈ ಸಲ ತೆರೆದಿದೆಯಾ ಅಂತ ಮೊದಲೇ ನಾಲ್ಕು ಜನರನ್ನು ಕೇಳಿದ್ದೆ. ಮಹಾರಾಣಿಯವರು ಓಡಾಡುತ್ತಿದ್ದ ಬೋಗಿ ನೋಡಿ ನಿಮ್ಮವ್ವ, "ಇಷ್ಟ್ ಚೆಂದಾಗಿರೋ ಗಾಡೀಲಿ ಕಂಡಕ್ಟ್ರು ಎಲ್ ನಿಂತ್ಕತಿದ್ದ?" ಅಂದಳು. ಪುಟಾಣಿ ರೈಲಿನಲ್ಲಿ ಕೂತೆವು. ನಾನು ಅಭ್ಯಾಸಬಲದಿಂದ "ರೈಟ್" ಅಂದೆ, ನಿಜವಾಗಿಯೂ ಹೊರಟುಬಿಟ್ಟಿತು.

ಆದರೆ ಬಂದಾಗಿನಿಂದ ನಿಮ್ಮವ್ವನಿಗೆ ಒಂದು ಕೊರಗು. ಭಾನುವಾರ ನಿಮ್ಮಿಬ್ಬರನ್ನೂ ಅಷ್ಟು ಕಷ್ಟಪಟ್ಟು ಮೃಗಾಲಯಕ್ಕೆ ಕಳಿಸಿದೆವು. ಬಂದ ಮೇಲೆ ಏನೇನು ನೋಡಿದಿರಿ ಅಂತ ಅವಳು ಕೇಳಿದರೆ, "ನೀರಾನೆ" ಅಂದೆ. ಇನ್ನೇನು ಅಂದರೆ ಮತ್ತೆ "ನೀರಾನೆ." ಅಳಿಯಂದಿರನ್ನು ಕೇಳಿದರೆ ಭುಜ ತಿಕ್ಕಿಕೊಂಡು ಸುಮ್ಮನೆ ನಕ್ಕರು. ಇವರಿಬ್ಬರೂ ಅಲ್ಲಿ ಜಗಳ ಆಡಿರಬೇಕು, ಏನೂ ನೋಡದೆ ಮುಖ ತಿರುಗಿಸಿಕೊಂಡು ಕೂತು ಬಂದಿರಬೇಕು, ನಾನೇ ಬಲವಂತ ಮಾಡಿ ಕಳಿಸಿದೆ ಅಂತ ನಿನ್ನೆಯಿಂದ ಅದೇ ಮಾತು. ರಾತ್ರಿ ಎರಡು ಸಲ ನನ್ನನ್ನು ಎಬ್ಬಿಸಿ, "ಭುಜ ಯಾಕ್ರೀ ತಿಕ್ಕಂಡ್ರು? ಹೊಡೆದ್ಳಾ?" ಅಂದಳು.

ಈಗ ನಿದ್ದೆಯಿಲ್ಲದಿರುವುದು ನಮ್ಮ ಮನೆಯಲ್ಲಿ. ನಿಜ ಬರೆ. ಬೇಗ ಬರೆ.

ಅಂಕಯ್ಯ


೭ ಡಿಸೆಂಬರ್ ೨೦೨೫, ಭಾನುವಾರ
ಕ್ವಾರ್ಟರ್ಸ್

ಅವ್ವ,

ಅಪ್ಪ ಈ ಕಾಗದವನ್ನು ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿ ಓದಲಿ.

ಜಗಳ ಆಡಲಿಲ್ಲ. ನಾಚಿಕೆಗೆ ಹೇಳಲಿಲ್ಲ ಅಷ್ಟೆ.

ಅವತ್ತು ನೀನು ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, "ಓಗು ಅಂದ್ರೆ ಓಗು, ತಿರುಗಿ ನೋಡ್ಬೇಡ" ಅಂದು ಬಾಗಿಲು ಹಾಕಿದೆಯಲ್ಲ, ನಾನು ಬಸ್ಸು ಹತ್ತಿದ್ದು ಮನಸ್ಸಿನಿಂದಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಎದುರಿನ ಬಸ್ಸಿಗೆ ಹತ್ತಿ ವಾಪಸ್ಸು ಬರುವುದು ಅಂತ ತೀರ್ಮಾನ ಮಾಡಿದ್ದೆ. ಎದ್ದೆ. ಚನ್ನಬಸವಣ್ಣ ಬಾಗಿಲಿಗೆ ಅಡ್ಡ ನಿಂತರು.

"ನಿಮ್ಮನ್ನ ಇಲ್ಲಿ ಇಳಿಸ್ಬಾರ್ದು ಅಂತ ಆರ್ಡರ್ ಆಗದೆ ಕಣವ್ವ."

"ಯಾರ ಆರ್ಡರು?"

"ಅಂಕಯ್ಯೋರ್ದು."

"ಅವರು ರಿಟೈರ್ ಆಗಿದ್ದಾರಲ್ಲ, ಏನು ಮಾಡುತ್ತಾರೆ?"

"ಬೈತಾರೆ. ಸರ್ವೀಸಲ್ಲಿದ್ದಾಗ್ಲೂ ಅಷ್ಟೇಯ ಮಾಡ್ತಿದ್ದಿದ್ದು. ಕೂತ್ಕಳಿ, ರೈಟ್!"

ಮಾದೇಶ್ ಕಿಟಕಿ ಕಡೆ ಮುಖ ಮಾಡಿ ನಗುತ್ತಿದ್ದರು. ಮೈಸೂರಿನವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ. ಅದನ್ನು ಜಗಳ ಅಂದರೆ ಅಷ್ಟೇ ಜಗಳ.

ಮೃಗಾಲಯದ ಒಳಗೆ ಹೋದ ಮೇಲೂ ನನಗೆ ಯಾವ ಪ್ರಾಣಿಯೂ ಕಾಣಲಿಲ್ಲ. ಎಲ್ಲಿ ನೋಡಿದರೂ ಕೂಸುಗಳು. ಯಾರದೋ ಮಗು ಅತ್ತರೆ ನನ್ನ ಎದೆಯಲ್ಲಿ ಹಾಲು ಇಳಿದು ರವಿಕೆ ಒದ್ದೆಯಾಯಿತು. (ಅಪ್ಪ, ಇಲ್ಲಿ ಕೆಮ್ಮಿ ಮುಂದೆ ಹೋಗಿ.) ಸೆರಗು ಹೊದ್ದುಕೊಂಡು ನಡೆದೆ. ಒಂದು ಕೊಳದ ಎದುರಿನ ಕಲ್ಲುಬೆಂಚಿನಲ್ಲಿ ಕೂತೆವು. ಕೊಳದಲ್ಲಿ ನೀರು ಬಿಟ್ಟರೆ ಏನೂ ಇಲ್ಲ. "ಒಳಗೆ ನೀರಾನೆ ಅದೆ, ಮೇಲೆ ಬತ್ತದೆ ನೋಡ್ತಿರು" ಅಂದರು ಮಾದೇಶ್.

ನೋಡುತ್ತಿದ್ದೆ. ಬರಲಿಲ್ಲ. ನಾಲ್ಕು ಗುಳ್ಳೆ ಬಂದವು. ಮತ್ತೆ ಏನೂ ಇಲ್ಲ. ನನಗೆ ಭಯ ಶುರುವಾಯಿತು ಅವ್ವ. "ಇಷ್ಟು ಹೊತ್ತು ಉಸಿರು ಕಟ್ಟಿಕೊಂಡು ಇರುತ್ತದಾ? ಯಾರನ್ನಾದರೂ ಕರೀರಿ" ಅಂದೆ. "ಯಾರ್ನ ಕರೀಲಿ? ನೀರಾನೆ ಮುಳುಗೋಯ್ತು ಅಂತಾ?" ಅಂದರು. ಬೆಂಚಿನ ಅಂಚಿಗೆ ಬಂದು ಕೂತೆ. ಆಗ ಕಲ್ಲಿನಂಥ ಮೂಗು ಮೇಲೆ ಬಂತು. ಬುಸ್ಸೆಂದು ನೀರು ಚಿಮ್ಮಿಸಿ, ಕಿವಿ ಎರಡನ್ನೂ ಪಟಪಟ ಒದರಿ, ನಮ್ಮ ಕಡೆ ಒಂದು ಸಲ ನೋಡಿ, ಮತ್ತೆ ಮುಳುಗಿತು. ಪಕ್ಕದಲ್ಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು.

ಎರಡನೆಯ ಸಲವೂ ಕಾದೆ. ಮೂರನೆಯ ಸಲ ಒಬ್ಬಳು ಹುಡುಗಿಯ ಕೆಂಪು ಬಲೂನು ನೋಡುತ್ತಾ ಮೈಮರೆತೆ, ನೋಡುವಷ್ಟರಲ್ಲಿ ಅದು ಬಂದು ಹೋಗಿಯೇ ಬಿಟ್ಟಿತ್ತು. ನೀರಿನ ಮೇಲೆ ಸುತ್ತುಗಳು ಮಾತ್ರ ಇದ್ದವು. ಆಮೇಲೆ ಅದರ ಬುಸ್ಸೆನ್ನುವ ಸದ್ದನ್ನು ಕಣ್ಣು ಮುಚ್ಚಿಕೊಂಡೇ ಕೇಳಿದ ಹಾಗೆ ನೆನಪು.

ಅಷ್ಟೇ ಅವ್ವ. ಮುಂದೇನೂ ಗೊತ್ತಿಲ್ಲ. ಎಚ್ಚರವಾದಾಗ ಕಾವಲಿನವರು ಸೀಟಿ ಊದಿ ಜನರನ್ನು ಹೊರಗೆ ಕಳಿಸುತ್ತಿದ್ದರು. ನನ್ನ ತಲೆ ಮಾದೇಶರ ಭುಜದ ಮೇಲಿತ್ತು, ಬಾಯಿ ತೆರೆದಿತ್ತು, ಅವರ ಇಸ್ತ್ರಿ ಶರ್ಟಿನ ಮೇಲೆ ನನ್ನ ಜೊಲ್ಲು. ಹುಲಿ, ಸಿಂಹ, ಜಿರಾಫೆ ಯಾವುದನ್ನೂ ನೋಡದೆ, ಆ ಮನುಷ್ಯ ಅಲ್ಲಾಡದೆ ಕೂತಿದ್ದರು. "ಎಬ್ಬಿಸಬಾರದಾ?" ಅಂದೆ. "ಯಾಕೆ ಎಬ್ಬಿಸ್ಲಿ? ನಿನ್ನ ನೋಡಕ್ಕೂ ಜನ ನಿಂತ್ಕತಿದ್ರು" ಅಂದರು. ಅವರು ಭುಜ ತಿಕ್ಕಿಕೊಂಡದ್ದು ಅದಕ್ಕೆ. ಹೊಡೆದಿಲ್ಲ.

ಮನೆಗೆ ಬಂದಾಗ ಪುಟ್ಟಿ ಅತ್ತು ಸೋತಿರುತ್ತಾಳೆ, ನನ್ನನ್ನು ಕಂಡು ಹಾರಿ ಬರುತ್ತಾಳೆ ಅಂದುಕೊಂಡಿದ್ದೆ. ಅಪ್ಪನ ತೊಡೆಯ ಮೇಲೆ ಕೂತು ಮೀಸೆ ಎಳೆಯುತ್ತಿದ್ದಳು. ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, ಮತ್ತೆ ಮೀಸೆಗೇ ಕೈ ಹಾಕಿದಳು. ನನಗೆ ಸ್ವಲ್ಪ ಕೋಪ ಬಂತು ಅಂತ ನಿನಗೆ ಮಾತ್ರ ಹೇಳುತ್ತಿದ್ದೇನೆ. ಮಿಕ್ಕದ್ದೆಲ್ಲ ಸಂತೋಷ.

ನೀವು ಹೋದ ರಾತ್ರಿ ಅಂಗೈ ಮತ್ತೆ ಅವಳ ಮೂಗಿನ ಹತ್ತಿರ ಹೋಯಿತು. ಸುಳ್ಳು ಹೇಳುವುದಿಲ್ಲ. ಒಂದು ಸಲ ಹೋಯಿತು, ಉಸಿರು ತಾಗಿತು, ಕೈ ಅಲ್ಲೇ ಇರುವಾಗಲೇ ನಿದ್ದೆ ಹತ್ತಿತು. ಬೆಳಿಗ್ಗೆ ಕುಳ್ಳಿ ಬಂದು ಬಾಗಿಲು ಬಡಿದಾಗಲೇ ಎದ್ದದ್ದು. ನನ್ನ ಮುಖ ನೋಡಿ, "ಓ, ಬಂದ್ಯಾ?" ಅಂದಳು. ಎಲ್ಲಿಂದ ಅಂತ ನಾನು ಕೇಳಲಿಲ್ಲ.

ಈಗ ಪುಟ್ಟಿ ಎದ್ದಳು. ಅಳುತ್ತಿದ್ದಾಳೆ. ಮಾದೇಶ್ ಎತ್ತಿಕೊಂಡು ಅಂಗಳಕ್ಕೆ ಹೋದರು. ಏನೋ ಹಾಡು ಹೇಳುತ್ತಿದ್ದಾರೆ, ಶ್ರುತಿ ಇಲ್ಲ, ತಾಳ ಇಲ್ಲ. ಅಳು ಇನ್ನೂ ನಿಂತಿಲ್ಲ.

ನಾನು ಎದ್ದು ಹೋಗಿಲ್ಲ ಅವ್ವ. ಬರೆಯುತ್ತಾ ಕೂತಿದ್ದೇನೆ.

ಸುಕನ್ಯ